ಹಿದರ್‌ಟೂ: ಒಂದು ಇಂಗ್ಲಿಷು ಕ್ರಿಯಾವಿಶೇಷಣದ ಪಾಠ

ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ಶಾಲೆಯ ಪೂರ್ವಚರಿತ್ರೆಯನ್ನು ಕುರಿತು ಬರೆಯುವೆನೆಂದು ಮಾತು ಕೊಟ್ಟಿದ್ದೆನು. ಅಷ್ಟರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ಒಂದು ಕಾಗದವು ಬಂದಿತು. ಆಕೆ ಈಗ ಹಳ್ಳಿಯ ಶಾಲೆಯೊಂದರಲ್ಲಿ ಇಂಗ್ಲಿಷು ಕಲಿಸುತ್ತಾಳೆ. ಪಾಠದಲ್ಲಿ ‘ಹಿದರ್‌ಟೂ’ ಎಂಬ ಶಬ್ದ ಬಂದಿತಂತೆ. ನಿಘಂಟಿನಲ್ಲಿ ‘ಇಲ್ಲಿಯವರೆಗೆ’ ಎಂದು ಅರ್ಥ ಸಿಕ್ಕಿತು. ವಾಕ್ಯದಲ್ಲಿ ಇಟ್ಟು ತೋರಿಸಿರೆಂದು ಮಕ್ಕಳು ಕೇಳಲು, ಆಕೆ ಕರಿಹಲಗೆಯ ಮೇಲೆ ‘ದಿ ಬಸ್ ಹ್ಯಾಸ್ ನಾಟ್ ಹಿದರ್‌ಟೂ ಕಮ್’ ಎಂದು ಬರೆದಳಂತೆ. “ಬರೆದ ಮೇಲೆ ನನಗೇ ಸರಿಕಾಣಲಿಲ್ಲ, ಅಳಿಸಿಬಿಟ್ಟೆ. ನೀವು ಈ ಶಬ್ದವನ್ನು ಹೇಳಿಕೊಡುವಾಗ ನಮಗೆ ಏನೋ ಎಚ್ಚರಿಕೆಯನ್ನು ಕೊಟ್ಟಿದ್ದಿರಿ. ಅದೇನೆಂಬುದು ಮರೆತುಹೋಗಿದೆ” ಎಂದು ಬರೆದಿದ್ದಾಳೆ.

ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ. ನಾನು ಈ ಶಬ್ದದ ಪಾಠವನ್ನೇ ಬರೆಯುತ್ತೇನೆ. ಹಳೆಯ ವಿದ್ಯಾರ್ಥಿನಿಯರು ಇದನ್ನು ಒಮ್ಮೆ ಕೇಳಿದವರೇ. ಆದರೆ ಎಚ್ಚರಿಕೆಯ ಹಿಂದಿನ ಸಂಗತಿಯನ್ನು ನಾನು ತರಗತಿಯಲ್ಲಿ ಎಂದೂ ಹೇಳಿದ್ದಿಲ್ಲ. ಇಂಗ್ಲಿಷು ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಕೊಟ್ಟಿದ್ದೇನೆ. ಇಂಗ್ಲಿಷು ಕಲಿಯದ ತಾಯಂದಿರೂ ಅವನ್ನು ಗಟ್ಟಿಯಾಗಿ ಓದಿ ಮಗಳನ್ನು ಪರೀಕ್ಷಿಸಬಹುದೆಂಬುದು ನನ್ನ ಆಸೆ.

ಮೊದಲು ಉಚ್ಚಾರಣೆ. ಇದರ ನಡುವಿನ ಧ್ವನಿಯು ‘ದಿಸ್’, ‘ದಟ್’ ಎಂಬ ಶಬ್ದಗಳ ಮೊದಲಲ್ಲಿ ಬರುವ ಧ್ವನಿಯೇ ಹೊರತು ‘ಥಿನ್’ ಎಂಬುದರಲ್ಲಿ ಬರುವದಲ್ಲ. ಒತ್ತು ಕೊನೆಯ ‘ಟೂ’ ಮೇಲೆ ಬೀಳಬೇಕು. ನಮ್ಮ ಮಕ್ಕಳು ‘ಹಿಥರ್ಟು’ ಎಂದು ಮೊದಲಿಗೇ ಒತ್ತು ಹಾಕಿ ಕೊನೆಯನ್ನು ನುಂಗಿಬಿಡುತ್ತಾರೆ.

ಇನ್ನು ಇದರ ಬಂಧುಬಳಗ. ಹಳೆಯ ಇಂಗ್ಲಿಷಿನಲ್ಲಿ ಸ್ಥಳವನ್ನು ಸೂಚಿಸುವ ಶಬ್ದಗಳು ಮೂರು ಮೂರಾಗಿ ಇದ್ದವು. ‘ಹಿಯರ್’ ಎಂದರೆ ಇಲ್ಲಿ, ‘ಹಿದರ್’ ಎಂದರೆ ಇತ್ತ, ‘ಹೆನ್ಸ್’ ಎಂದರೆ ಇಲ್ಲಿಂದ. ಹಾಗೆಯೇ ‘ದೇರ್, ದಿದರ್, ದೆನ್ಸ್’ ಎಂದರೆ ಅಲ್ಲಿ, ಅತ್ತ, ಅಲ್ಲಿಂದ. ‘ವೇರ್, ವಿದರ್, ವೆನ್ಸ್’ ಎಂದರೆ ಎಲ್ಲಿ, ಎತ್ತ, ಎಲ್ಲಿಂದ. ಈ ಒಂಬತ್ತನ್ನು ಇಂಗ್ಲಿಷಿನ ಮಕ್ಕಳಿಗೆ ಕಲಿಸುವದು ಕಷ್ಟವಾದೀತು, ಯಾಕಂದರೆ ಅವರ ದಿನಬಳಕೆಯಲ್ಲಿ ‘ಹಿಯರ್’ ಎಂಬುದೇ ಇಲ್ಲಿ, ಇತ್ತ ಎರಡರ ಕೆಲಸವನ್ನೂ ಮಾಡುತ್ತದೆ. ನಮ್ಮ ಮಕ್ಕಳಿಗಾದರೋ ಇದು ಮನೆಯ ಸಾಮಾನೇ. ಇತ್ತ, ಅತ್ತ, ಎತ್ತ ಎಂಬವು ನಮ್ಮಲ್ಲಿ ಇನ್ನೂ ಜೀವದಿಂದಿವೆ. ‘ಹಿದರ್ ಆಂಡ್ ದಿದರ್’ ಎಂಬ ಜೋಡುಮಾತಿಗೆ ನಮ್ಮ ‘ಅತ್ತಿತ್ತ’ ಸರಿಯಾಗಿ ಒಪ್ಪುತ್ತದೆ. ಒಂದೇ ಭೇದ: ಇಂಗ್ಲಿಷರು ತಮ್ಮ ಹತ್ತಿರದ್ದನ್ನು ಮೊದಲು ಹೇಳುತ್ತಾರೆ, ನಾವು ದೂರದ್ದನ್ನು ಮೊದಲು ಹೇಳುತ್ತೇವೆ. ಹಾಗೇಕೆಂದು ಒಬ್ಬ ಹುಡುಗಿ ಕೇಳಿದ್ದಳು. ನಾನು ಇಂದಿಗೂ ಉತ್ತರವನ್ನು ಹುಡುಕುತ್ತಿದ್ದೇನೆ.

ಈ ‘ಹಿದರ್’ಗೆ ‘ಟು’ ಎಂಬ ಚಿಕ್ಕ ಮಾತು ಸೇರಿ ‘ಹಿದರ್‌ಟೂ’ ಆಯಿತು. ಅಕ್ಷರಾರ್ಥವು ‘ಇಲ್ಲಿಯವರೆಗೆ’. ಮೂಲದಲ್ಲಿ ಅದು ಸ್ಥಳವನ್ನು ಕುರಿತ ಮಾತು. ಬರಬರುತ್ತಾ ಕಾಲವನ್ನು ಕುರಿತದ್ದಾಯಿತು. ಈ ಮಾರ್ಪಾಡು ವಿಚಿತ್ರವೆಂದು ಯಾರಿಗಾದರೂ ತೋರಿದರೆ ಅವರು ತಮ್ಮ ಮಾತನ್ನೇ ಕಿವಿಗೊಟ್ಟು ಕೇಳಲಿ. “ಬಸ್ಸು ಇಲ್ಲಿಯವರೆಗೆ ಬರುತ್ತದೆ” ಎಂದರೆ ಸ್ಥಳ. “ಇಲ್ಲಿಯವರೆಗೆ ನಮ್ಮೂರಿಗೆ ಬಸ್ಸೇ ಬಂದಿಲ್ಲ” ಎಂದರೆ ಕಾಲ. ಶಬ್ದ ಒಂದೇ. ಆಲದ ಮರದ ಕೆಳಗೆ ನಿಂತಿರುವ ಹುಡುಗಿ ಈ ಎರಡು ವಾಕ್ಯಗಳನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲಳು. ತಾನು ಒಂದು ದೊಡ್ಡ ವ್ಯಾಕರಣ ಸಂಗತಿಯನ್ನು ನಡೆಸಿದೆನೆಂಬುದು ಆಕೆಗೆ ತಿಳಿಯದು.

ಶಬ್ದದ ಈ ಎರಡೂ ಮುಖಗಳನ್ನು ನೋಡಬೇಕೆನ್ನುವವರು 1611ರಲ್ಲಿ ಅಚ್ಚಾದ ಇಂಗ್ಲಿಷು ಬೈಬಲನ್ನು ತೆರೆಯಬಹುದು. ಯೋಬನ ಪುಸ್ತಕದ 38ನೆಯ ಅಧ್ಯಾಯದಲ್ಲಿ ದೇವರು ಸಮುದ್ರಕ್ಕೆ ಮೇರೆಯನ್ನು ಗೊತ್ತುಮಾಡಿದ ಸಂಗತಿ ಇದೆ. ಅಲ್ಲಿ ‘ಹಿದರ್‌ಟೂ’ ಎಂಬುದು ಶುದ್ಧ ಸ್ಥಳವಾಚಕ. ತೆರೆಗಳು ಬಂದು ನಿಲ್ಲಬೇಕಾದ ಗೆರೆ ಅದು. ಸಮುವೇಲನ ಮೊದಲನೆಯ ಪುಸ್ತಕದ 7ನೆಯ ಅಧ್ಯಾಯದಲ್ಲಿ ಸಮುವೇಲನು ಒಂದು ಕಲ್ಲನ್ನು ನೆಟ್ಟು ಅದಕ್ಕೆ ಎಬೆನೆಜೆರ್ ಎಂದು ಹೆಸರಿಟ್ಟನು. ‘ಸಹಾಯದ ಕಲ್ಲು’ ಎಂದು ಅದರ ಅರ್ಥ. ಅಲ್ಲಿಯೂ ಇದೇ ಶಬ್ದವಿದೆ. ಕಲ್ಲು ನಿಂತದ್ದು ಒಂದು ಸ್ಥಳದಲ್ಲಿ, ಅದು ನೆನಪಿಸಿದ್ದು ಕಳೆದ ಕಾಲವನ್ನು. ಆದಕಾರಣ ಆ ಒಂದು ಕಡೆಯಲ್ಲಿ ಸ್ಥಳವೂ ಕಾಲವೂ ಕೂಡಿಕೊಂಡಿವೆಯೆಂದು ನನಗೆ ಕಾಣುತ್ತದೆ. ಅನೇಕ ಹೊಸ ಭಾಷಾಂತರಗಳು ಈ ಶಬ್ದವನ್ನು ಬಿಟ್ಟು ಸುಲಭವಾದದ್ದನ್ನು ಇಟ್ಟುಕೊಂಡಿವೆ. ಸ್ಥಳಾರ್ಥವಂತೂ ಇಂದಿನ ಇಂಗ್ಲಿಷಿನಲ್ಲಿ ಸತ್ತುಹೋಗಿದೆಯೆಂದೇ ತಿಳಿಯಿರಿ. ‘ಕಮ್ ಹಿದರ್‌ಟೂ’ ಎಂದು ಯಾರನ್ನೂ ಕರೆಯಬೇಡಿರಿ.

ಈಗ ವಾಕ್ಯದಲ್ಲಿ ಇಡುವ ಕ್ರಮ. ‘ಈವರೆಗೆ’ ಎಂಬ ಅರ್ಥದಲ್ಲಿ ಇದಕ್ಕೆ ಪೂರ್ಣ ವರ್ತಮಾನದ ಕ್ರಿಯಾಪದವು ಒಗ್ಗುತ್ತದೆ, ಮತ್ತು ಸಹಾಯಕ್ರಿಯಾಪದಕ್ಕೂ ಮುಖ್ಯಕ್ರಿಯಾಪದಕ್ಕೂ ನಡುವೆ ಇದು ಸುಖವಾಗಿ ಕೂಡುತ್ತದೆ. ‘ದಿ ಸ್ಕೂಲ್ ಹ್ಯಾಸ್ ಹಿದರ್‌ಟೂ ಡಿಪೆಂಡೆಡ್ ಆನ್ ಒನ್ ವೆಲ್’, ಅಂದರೆ ಶಾಲೆಯು ಇದುವರೆಗೆ ಒಂದೇ ಬಾವಿಯನ್ನು ನೆಚ್ಚಿಕೊಂಡು ಬಂದಿದೆ. ‘ಡಿಪೆಂಡ್ಸ್’ ಎಂದು ಬರಿಯ ವರ್ತಮಾನವನ್ನು ಇಡಕೂಡದು. ‘ವಿಲ್ ಡಿಪೆಂಡ್’ ಎಂದು ಭವಿಷ್ಯತ್ತನ್ನಂತೂ ಇಡಲೇಕೂಡದು.

ಹಿಂದಿನ ಕಥೆಯನ್ನು ಹೇಳುವಾಗಲೂ ಇದನ್ನು ಬಳಸುವದುಂಟು. ‘ದಿ ಗರ್ಲ್, ಹಿದರ್‌ಟೂ ಸೈಲೆಂಟ್, ಬಿಗ್ಯಾನ್ ಟು ಸ್ಪೀಕ್.’ ಅದುವರೆಗೆ ಸುಮ್ಮನಿದ್ದ ಹುಡುಗಿ ಮಾತನಾಡತೊಡಗಿದಳು. ಇಲ್ಲಿ ಕನ್ನಡವು ಇಂಗ್ಲಿಷಿಗಿಂತ ಶುದ್ಧವಾಗಿದೆ. ನಾವು ಈಗಿನದಕ್ಕೆ ‘ಇದುವರೆಗೆ’ ಎಂದೂ ಆಗಿನದಕ್ಕೆ ‘ಅದುವರೆಗೆ’ ಎಂದೂ ಬೇರೆ ಮಾಡುತ್ತೇವೆ. ಅವರಲ್ಲಿಯೂ ‘ದಿದರ್‌ಟೂ’ ಎಂಬ ಶಬ್ದ ನಿಘಂಟಿನಲ್ಲಿದೆ. ಬಳಸುವವರು ಬಹಳ ವಿರಳ.

ಕಾಗದ ಬರೆದವಳ ವಾಕ್ಯವು ಏಕೆ ಸರಿಕಾಣಲಿಲ್ಲವೆಂಬುದಕ್ಕೆ ಈಗ ಬರೋಣ. ಆಕೆಯ ಮನಸ್ಸಿನಲ್ಲಿದ್ದದ್ದು “ಬಸ್ಸು ಇನ್ನೂ ಬಂದಿಲ್ಲ” ಎಂಬ ಕನ್ನಡ. ‘ಇನ್ನೂ’ ಎನ್ನುವಾಗ ನಾವು ದಾರಿ ಕಾಯುತ್ತಿರುತ್ತೇವೆ. ಬರಬೇಕಾದ ಹೊತ್ತು ಆಗಿದೆ, ಬರುವದೆಂಬ ನಂಬಿಕೆಯೂ ಇದೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಯೆಟ್’ ಎಂಬ ಮೂರಕ್ಷರದ ಬಡ ಶಬ್ದವೇ ತಕ್ಕದ್ದು. ‘ಹಿದರ್‌ಟೂ’ ದಾರಿ ಕಾಯುವದಿಲ್ಲ. ಅದು ವರದಿಗಳಲ್ಲಿ, ಚರಿತ್ರೆಗಳಲ್ಲಿ, ಅರ್ಜಿಗಳಲ್ಲಿ, ಸಭೆಯ ನಡವಳಿಕೆಯ ಪುಸ್ತಕದಲ್ಲಿ ವಾಸಿಸುವ ಗಂಭೀರ ಶಬ್ದ. ಅಡಿಗೆಮನೆಗೆ ಅದನ್ನು ಕರೆದೊಯ್ಯಬಾರದು. ಬೆಳಗಿನ ಕಾಫಿ ಇನ್ನೂ ಸಿಕ್ಕಿಲ್ಲವೆಂದು ಹೇಳುವದಕ್ಕೆ ‘ಹಿದರ್‌ಟೂ’ ಎಂದವರಿಗೆ ಮಧ್ಯಾಹ್ನದವರೆಗೂ ಕಾಫಿ ಸಿಕ್ಕದಿದ್ದರೆ ನಾನು ಅವರ ಪಕ್ಷವನ್ನು ವಹಿಸಲಾರೆನು.

ಆದರೆ ಈ ಶಬ್ದದ ನಿಜವಾದ ಗುಣವು ಕಾಲನಿಯಮದಲ್ಲಿಲ್ಲ. ಅದು ಒಂದು ಗೆರೆಯನ್ನು ಎಳೆಯುತ್ತದೆ. ಗೆರೆಯ ಈಚೆಗೆ ಹೀಗಿತ್ತು ಎಂದು ಹೇಳಿ, ಓದುವವನ ಕಣ್ಣನ್ನು ಗೆರೆಯ ಆಚೆಗೆ ತಿರುಗಿಸುತ್ತದೆ. ಮೇಲಿನ ಬಾವಿಯ ವಾಕ್ಯವನ್ನು ಮತ್ತೊಮ್ಮೆ ಓದಿರಿ. ಇದುವರೆಗೆ ಒಂದೇ ಬಾವಿಯೆಂದ ಕೂಡಲೆ, ಹಾಗಾದರೆ ಈಗ ನಲ್ಲಿ ಬಂದಿತೇ, ಅಥವಾ ಬಾವಿ ಬತ್ತಿತೇ ಎಂದು ಕೇಳಬೇಕೆನಿಸುವದಿಲ್ಲವೇ? ಬರೆದವರು ಮುಂದಿನ ವಾಕ್ಯದಲ್ಲಿ ಅದಕ್ಕೆ ಉತ್ತರವನ್ನು ಕೊಡತಕ್ಕದ್ದು.

ಗೆರೆಯ ಎರಡು ಬದಿಗಳಲ್ಲಿಯೂ ಬರೆಯುವ ಮಾತು ನಿಜವಾಗಿರಬೇಕಾದದ್ದು ಹೇಗೆಂದು ತೋರಿಸಲು ನಾನು ತರಗತಿಯಲ್ಲಿ ಎರಡು ಉದಾಹರಣೆಗಳನ್ನು ಕೊಡುತ್ತಿದ್ದೆನು. 1781ನೆಯ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲನು ತಾನೇ ಮಾಡಿದ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡನು. ಮಕ್ಕಳು ಒಡನೆಯೇ ‘ಎ ಹಿದರ್‌ಟೂ ಅನ್‌ಸೀನ್ ಪ್ಲಾನೆಟ್’, ಅದುವರೆಗೆ ಯಾರೂ ಕಾಣದಿದ್ದ ಗ್ರಹ, ಎಂದು ಬರೆಯುತ್ತಾರೆ. ವ್ಯಾಕರಣ ಸರಿ, ಸಂಗತಿ ತಪ್ಪು. 1690ರಲ್ಲಿಯೇ ಫ್ಲ್ಯಾಮ್‌ಸ್ಟೀಡ್ ಎಂಬ ಖಗೋಳಶಾಸ್ತ್ರಜ್ಞನು ಅದನ್ನು ಕಂಡು, ನಕ್ಷತ್ರವೆಂದು ತಿಳಿದು, ವೃಷಭರಾಶಿಯ ನಕ್ಷತ್ರಗಳ ಸಾಲಿನಲ್ಲಿ ಬರೆದಿಟ್ಟಿದ್ದನು. ಹರ್ಷೆಲನೂ ಮೊದಲು ಧೂಮಕೇತುವೆಂದೇ ಭಾವಿಸಿದ್ದನು. ಆದಕಾರಣ ‘ಹಿದರ್‌ಟೂ ಟೇಕನ್ ಫಾರ್ ಎ ಸ್ಟಾರ್’, ಅದುವರೆಗೆ ನಕ್ಷತ್ರವೆಂದೆಣಿಸಲ್ಪಟ್ಟಿದ್ದ, ಎಂದರೆ ನ್ಯಾಯವಾಗುತ್ತದೆ. ಕಾಣದಿದ್ದದ್ದು ಬೇರೆ, ಕಂಡೂ ಗುರುತಿಸದಿದ್ದದ್ದು ಬೇರೆ.

ಎರಡನೆಯದು ನಮ್ಮ ಮೈಸೂರಿನದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಇರುವದನ್ನು ಅಲ್ಲಿಯ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲಗ್ರಂಥವನ್ನು ಅಚ್ಚುಮಾಡಿಸಿದರು. ಇದನ್ನು ‘ಹಿದರ್‌ಟೂ ಅನ್‌ನೋನ್’, ಅದುವರೆಗೆ ಅಜ್ಞಾತವಾಗಿದ್ದ, ಎನ್ನಬಹುದೇ? ಆಗದು. ದಂಡಿ, ಬಾಣ ಮೊದಲಾದವರು ತಮ್ಮ ಕೃತಿಗಳಲ್ಲಿ ಕೌಟಿಲ್ಯನ ಶಾಸ್ತ್ರವನ್ನು ಪ್ರಸ್ತಾಪಿಸಿದ್ದರಿಂದ ಹಾಗೊಂದು ಗ್ರಂಥವಿದ್ದಿತೆಂದು ವಿದ್ವಾಂಸರು ಬಲ್ಲವರೇ ಆಗಿದ್ದರು. ಗ್ರಂಥ ಮಾತ್ರ ಕೈಗೆ ಸಿಕ್ಕಿರಲಿಲ್ಲ. ‘ಹಿದರ್‌ಟೂ ಲಾಸ್ಟ್’, ಅದುವರೆಗೆ ಕಳೆದುಹೋಗಿದೆಯೆಂದು ತಿಳಿದಿದ್ದ, ಎಂದು ಬರೆಯತಕ್ಕದ್ದು. ಅಂದಹಾಗೆ, ಈ ರೀತಿ ವಿಶೇಷಣದ ಮುಂದೆ ಬರುವಾಗ ‘ಹಿದರ್‌ಟೂ’ವಿಗೂ ಅದಕ್ಕೂ ನಡುವೆ ಅಡ್ಡಗೀಟನ್ನು ಹಾಕಬೇಕಾಗಿಲ್ಲ.

ಇಷ್ಟು ನಾನು ಪ್ರತಿ ವರ್ಷವೂ ಹೇಳುತ್ತಿದ್ದದ್ದು. ಕೊನೆಗೆ, “ಮನುಷ್ಯರ ನಡತೆಯ ಸಂಗಡ ಈ ಶಬ್ದವನ್ನು ಇಡುವಾಗ ಎರಡು ಸಾರಿ ಯೋಚಿಸಿರಿ” ಎಂದು ಹೇಳಿ ಪುಸ್ತಕವನ್ನು ಮುಚ್ಚುತ್ತಿದ್ದೆನು. ನಮ್ಮ ಹಳೆಯ ವಿದ್ಯಾರ್ಥಿನಿ ಮರೆತ ಎಚ್ಚರಿಕೆ ಅದೇ. ಅದರ ಹಿಂದಿನ ಸಂಗತಿ ಇದು. ಯಾರಿಗೆ ಸಂಬಂಧಪಟ್ಟದ್ದೋ ಆಕೆಯ ಅಪ್ಪಣೆಯನ್ನು ಪಡೆದೇ ಬರೆಯುತ್ತಿದ್ದೇನೆ, ಹೆಸರನ್ನು ಹೇಳುವದಿಲ್ಲ.

ನಾನು ಉಪಾಧ್ಯಾಯಿನಿಯಾಗಿ ಬಂದು ಎರಡನೆಯ ವರ್ಷ. ಆಗಿನ ಮುಖ್ಯೋಪಾಧ್ಯಾಯಿನಿಯವರು ಕಾಯಿಲೆಯಿಂದ ಮಲಗಿದ್ದರಿಂದ, ತರಬೇತಿ ಶಾಲೆಗೆ ಅರ್ಜಿ ಹಾಕುವ ಹುಡುಗಿಯರಿಗೆ ನಡತೆಯ ಸರ್ಟಿಫಿಕೇಟುಗಳನ್ನು ಬರೆದು ತರುವ ಕೆಲಸವನ್ನು ನನಗೆ ವಹಿಸಿದ್ದರು. ನಾನು ಬರೆದದ್ದಕ್ಕೆ ಅವರು ಹಾಸಿಗೆಯಲ್ಲಿಯೇ ಒರಗಿ ಕುಳಿತು ರುಜು ಹಾಕುತ್ತಿದ್ದರು. ಆ ದಿನಗಳಲ್ಲಿ ನನಗೆ ದೊಡ್ಡ ಶಬ್ದಗಳ ಮೇಲೆ ಬಹಳ ಮೋಹ. ಒಬ್ಬ ಹುಡುಗಿಯ ವಿಷಯದಲ್ಲಿ ಸಾಧಾರಣವಾದ ವಾಕ್ಯವು ಸಾಲದೆಂದು ತೋರಿತು. ಆಕೆ ವಿಧವೆಯೊಬ್ಬಳ ಮಗಳು. ತಾಯಿ ಬಟ್ಟೆ ಹೊಲಿದು ಓದಿಸುತ್ತಿದ್ದಳು. ಬೋರ್ಡಿಂಗಿನ ಚಿಕ್ಕ ಮಕ್ಕಳಿಗೆ ಜ್ವರ ಬಂದರೆ ರಾತ್ರಿಯೆಲ್ಲಾ ಕುಳಿತಿರುವ ಹುಡುಗಿ. ಅಂಥವಳಿಗೆ ನನ್ನ ಬಳಿ ಇದ್ದ ಅತ್ಯುತ್ತಮ ಶಬ್ದವನ್ನು ಕೊಡಬೇಕೆಂದು, ‘ಹರ್ ಕಾಂಡಕ್ಟ್ ಹ್ಯಾಸ್ ಹಿದರ್‌ಟೂ ಬೀನ್ ಎಕ್ಸಲೆಂಟ್’ ಎಂದು ದುಂಡಗೆ ಬರೆದೆನು. ಉಳಿದ ನಾಲ್ವರಿಗೆ ಆ ಶಬ್ದವನ್ನು ಕೊಡಲಿಲ್ಲ. ಅದೇ ಹೆಚ್ಚಿನ ಕೇಡಾಯಿತು.

ಐದು ಕಾಗದಗಳೂ ತರಬೇತಿ ಶಾಲೆಯವರ ಮೇಜಿನ ಮೇಲೆ ಒಟ್ಟಿಗೆ ಇದ್ದವು. ನಾಲ್ವರ ನಡತೆ ಉತ್ತಮ. ಒಬ್ಬಳ ನಡತೆ ‘ಇದುವರೆಗೆ’ ಉತ್ತಮ. ಈಗ ಏನು ನಡೆಯಿತೆಂದು ಆಕೆಯನ್ನು ಕೇಳಿದರಂತೆ. ಏನೂ ನಡೆದಿಲ್ಲವೆಂದಳು. ಹಾಗಾದರೆ ನಿಮ್ಮ ಶಾಲೆಯವರು ಹೀಗೇಕೆ ಬರೆದರೆಂದು ಮತ್ತೆ ಕೇಳಿದರು. ಆ ಮಗು ಏನು ಹೇಳೀತು? ತಲೆ ತಗ್ಗಿಸಿ ನಿಂತಳಂತೆ. ತಲೆ ತಗ್ಗಿಸಿದ್ದೇ ಒಪ್ಪಿಗೆಯಾಗಿ ಕಂಡಿತು. ನಾಲ್ವರಿಗೂ ಸ್ಥಳ ದೊರೆಯಿತು, ಆಕೆಗೆ ದೊರೆಯಲಿಲ್ಲ.

ಮರುದಿನ ಸಾಯಂಕಾಲ ಆ ಕಾಗದವನ್ನು ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದಳು. “ಟೀಚರಮ್ಮ, ನಾನು ಏನು ತಪ್ಪು ಮಾಡಿದೆ? ಹೇಳಿದರೆ ತಿದ್ದಿಕೊಳ್ಳುತ್ತೇನೆ” ಎಂದಳು. ಸಿಟ್ಟಿನಿಂದ ಕೇಳಿದ್ದರೆ ನಾನು ತಾಳಿಕೊಳ್ಳುತ್ತಿದ್ದೆನು. ಆಕೆ ನಿಜವಾಗಿಯೇ ಕೇಳಿದಳು. ಒಂದು ರಾತ್ರಿಯೆಲ್ಲಾ ತನ್ನ ಹಿಂದಿನ ದಿನಗಳಲ್ಲಿ ತಪ್ಪನ್ನು ಹುಡುಕಿ, ಸಿಕ್ಕದೆ, ನನ್ನ ಬಳಿಗೆ ಬಂದಿದ್ದಳು.

ನಾನು ಬರೆದದ್ದರಲ್ಲಿ ವ್ಯಾಕರಣದ ತಪ್ಪಿಲ್ಲ. ಶಬ್ದದ ಅರ್ಥವೂ ತಪ್ಪಲ್ಲ. ತಪ್ಪು ಎಲ್ಲಿತ್ತೆಂಬುದು ಕನ್ನಡದಲ್ಲಿ ಹೇಳಿಕೊಂಡಾಗಲೇ ನನಗೆ ಹೊಳೆಯಿತು. ನಮ್ಮಲ್ಲಿ ‘ಇದುವರೆಗೆ’ ಎಂಬುದು ಒಂಟಿಯಾಗಿ ನಿಲ್ಲುವದು ಅಪರೂಪ. “ಇದುವರೆಗೂ ಒಳ್ಳೆಯವಳಾಗಿದ್ದಾಳೆ” ಎಂದರೆ ಇಷ್ಟು ಕಾಲವೂ ಬಿಡದೆ ಹಾಗೆಯೇ ನಡೆದು ಬಂದಿದ್ದಾಳೆಂಬ ಮೆಚ್ಚಿಕೆ. “ಇದುವರೆಗೇನೋ ಒಳ್ಳೆಯವಳಾಗಿದ್ದಾಳೆ” ಎಂದರೆ ಮುಂದಿನದನ್ನು ನಾನರಿಯೆ, ಹೊಣೆಯೂ ಹೊರೆನು ಎಂಬ ಸಂದೇಹ. ಒಂದು ‘ಊ’, ಒಂದು ‘ಏನೋ’, ಅಷ್ಟೇ ವ್ಯತ್ಯಾಸ. ಹೊಲದಲ್ಲಿ ಕೆಲಸ ಮಾಡುವ ಅಜ್ಜಿಯೂ ಇವೆರಡನ್ನು ಅದಲುಬದಲು ಮಾಡಲಾರಳು. ಇಂಗ್ಲಿಷಿನ ಶಬ್ದಕ್ಕೆ ಇಂಥ ಬಾಲಗಳಿಲ್ಲ. ಗೆರೆಯನ್ನು ಎಳೆದು ಸುಮ್ಮನಾಗುತ್ತದೆ; ಆಚೆಗೆ ಏನಿದೆಯೆಂಬುದನ್ನು ಬರೆದವರೇ ಹೇಳಬೇಕು. ನಾನು ಹೇಳಿರಲಿಲ್ಲ. ನಾನು ಮನಸ್ಸಿನಲ್ಲಿ ‘ಇದುವರೆಗೂ’ ಎಂದುಕೊಂಡು ಬರೆದೆನು. ಓದಿದವರು ‘ಇದುವರೆಗೇನೋ’ ಎಂದು ಓದಿಕೊಂಡರು. ಅವರನ್ನು ದೂರುವದಕ್ಕೆ ನನಗೆ ಬಾಯಿಲ್ಲ.

ಮುಖ್ಯೋಪಾಧ್ಯಾಯಿನಿಯವರ ಬಳಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆನು. ಅವರು ನನ್ನನ್ನು ಗದರಿಸಲಿಲ್ಲ. ತಾವು ಓದದೆ ರುಜು ಹಾಕಿದೆನೆಂದು ತಮ್ಮನ್ನೇ ಜರೆದುಕೊಂಡರು. ಅದು ಗದರಿಕೆಗಿಂತ ಕಠಿನವಾಗಿತ್ತು. ಅಂದೇ ತರಬೇತಿ ಶಾಲೆಗೆ ಕಾಗದ ಬರೆದರು. ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು, ಆದರೆ ಆ ವರ್ಷದ ಸ್ಥಳಗಳು ತುಂಬಿಹೋಗಿದ್ದವು. ಹುಡುಗಿ ಒಂದು ವರ್ಷ ಬೋರ್ಡಿಂಗಿನಲ್ಲಿಯೇ ಇದ್ದು ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿದಳು. ತಾಯಿ ಇನ್ನೂ ಒಂದು ವರ್ಷ ದೀಪದ ಬೆಳಕಿನಲ್ಲಿ ಹೊಲಿದಳು. ಮುಂದಿನ ವರ್ಷ ಸ್ಥಳ ದೊರೆಯಿತು. ಆಕೆ ಈಗ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಈ ಲೇಖನಕ್ಕೆ ಅಪ್ಪಣೆ ಕೇಳಿದಾಗ, “ಬರೆಯಿರಿ, ಆದರೆ ಆ ವರ್ಷ ನಾನು ಕಲಿಸಿದ ಮಕ್ಕಳಲ್ಲಿ ಒಬ್ಬಳು ಇಂದು ವೈದ್ಯಳಾಗಿದ್ದಾಳೆಂಬುದನ್ನೂ ಬರೆಯಿರಿ” ಎಂದಳು. ಬರೆದಿದ್ದೇನೆ. ಆದರೂ ಆ ವರ್ಷವು ಆಕೆಯ ತಾಯಿಯದೂ ಹೌದು. ಅದನ್ನು ಹಿಂದಕ್ಕೆ ಕೊಡುವ ಶಕ್ತಿ ನನಗಿಲ್ಲ.

ಕಚೇರಿಯ ಪುಸ್ತಕದಲ್ಲಿ ಆ ಸರ್ಟಿಫಿಕೇಟಿನ ನಕಲು ಇನ್ನೂ ಇದೆ. ಒಂದು ಶಬ್ದದ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿದೆ. ಅದರ ಸ್ಥಳದಲ್ಲಿ ಹಿರಿಯರು ಬೇರೆ ಯಾವ ಶಬ್ದವನ್ನೂ ಬರೆದಿಲ್ಲ. ಉಳಿದ ವಾಕ್ಯವು ಪೂರ್ಣವಾಗಿಯೇ ಇದೆ.

ಪಾಠವೆಂದ ಮೇಲೆ ಅಭ್ಯಾಸವಿಲ್ಲದೆ ಬಿಡಲಾಗದು. ಈ ಮೂರನ್ನು ಇಂಗ್ಲಿಷಿಗೆ ತಿರುಗಿಸಿರಿ. ಎಲ್ಲಿ ‘ಹಿದರ್‌ಟೂ’ ಒಪ್ಪುತ್ತದೆ, ಎಲ್ಲಿ ಒಪ್ಪುವದಿಲ್ಲವೆಂದು ನೋಡಿರಿ. “ಅಂಚೆಯವನು ಇನ್ನೂ ಬಂದಿಲ್ಲ.” “ಅದುವರೆಗೆ ಮುಚ್ಚಿದ್ದ ಹಿಂದಿನ ಬಾಗಿಲನ್ನು ಆ ದಿನ ತೆರೆದರು.” ಮೂರನೆಯದು ಕೊಂಚ ಕಷ್ಟ, ಒಂದು ಶಬ್ದದಿಂದ ಮುಗಿಯುವದಿಲ್ಲ, ಉತ್ತರವನ್ನು ಕಾಗದದಲ್ಲಿ ಬರೆದು ಕಳುಹಿಸಿದರೆ ತಿದ್ದಿ ಕಳುಹಿಸುವೆನು: “ಇದುವರೆಗೇನೋ ಈ ಕೊಡೆ ಸೋರಿಲ್ಲ.”